ಅವನ ಕಣ್ಣು ಮುಚ್ಚಿದ್ದವು

ಪೊಲೀಸ್ ವಸತಿಗೃಹ, ಬೆಳಗಾವಿ
28 ಏಪ್ರಿಲ್ 2024, ರವಿವಾರ

ಪ್ರೀತಿಯ ಪೂರ್ವಾ,

ಹೇಗಿದ್ದೀಯ? ಕಲಬುರಗಿಯ ಬಿಸಿಲಿನ ಸುದ್ದಿಯನ್ನು ದಿನವೂ ಪತ್ರಿಕೆಯಲ್ಲಿ ಓದುತ್ತಿದ್ದೇನೆ. ಮೊದಲೆಲ್ಲ ಹವಾಮಾನದ ಅಂಕಣವನ್ನು ದಾಟಿ ಹೋಗುತ್ತಿದ್ದೆ, ಈಗ ಅಲ್ಲಿಂದಲೇ ಶುರು. ಬಿಸಿಲಿಗೆ ನಿನಗೆ ತಲೆನೋವು ಬರುತ್ತದೆ. ವಿಚಾರಣೆ ಮುಗಿಯುವವರೆಗೆ ನಿನ್ನನ್ನು ಇರಿಸಿರುವ ಪೊಲೀಸ್ ತರಬೇತಿ ಶಾಲೆಯ ಮೆಸ್ಸಿನಲ್ಲಿ ಮಜ್ಜಿಗೆ ಸಿಗುತ್ತದೆಯೇ? ರಾತ್ರಿ ನಿದ್ದೆ ಬರುತ್ತದೆಯೇ? ಹಿಂದಿನ ವಾರ ನಾನು ಕೇಳಿದಾಗ ನೀನು ‘ಬರತೈತಿ’ ಎಂದೆ. ಬಹಳ ಬೇಗ ಹೇಳಿದೆ, ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ನಿನ್ನ ಮೊಬೈಲು ತನಿಖೆಯವರ ಬಳಿ ಇರುವವರೆಗೆ ನಮಗೆ ಆ ಕಚೇರಿಯ ಫೋನೇ ಗತಿ. ಅದರಲ್ಲಿ ನೀನು ಮಾತನಾಡುವಾಗ ಪಕ್ಕದಲ್ಲಿ ಯಾರೋ ಕುರ್ಚಿ ಎಳೆಯುವುದು ಕೇಳುತ್ತದೆ. ಊಟ ಆತು? ಆತು. ಮತ್ತೇನು? ಏನಿಲ್ಲ. ಅಲ್ಲಿಗೆ ಮುಗಿಯುತ್ತದೆ. ಮದುವೆಗೆ ಮುಂಚೆ ನೀನು ತರಬೇತಿಯಲ್ಲಿದ್ದಾಗ ನಿನಗೆ ಪತ್ರ ಬರೆಯುತ್ತಿದ್ದೆ. ಆಮೇಲೆ ಇದೇ ಮೊದಲು. ಅಕ್ಷರ ಕೆಟ್ಟಿದೆ, ಸಹಿಸಿಕೋ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುವ ಕೆಲಸ ಮುಗಿಯಿತು, ಶಾಲೆಗೆ ರಜೆ. ಖಾನಾಪುರದ ಬಸ್ಸು ಹಿಡಿಯುವ ಗಡಿಬಿಡಿ ಇಲ್ಲದೆ ಬೆಳಗಿನ ಹೊತ್ತು ಸರಿಯುವುದೇ ಇಲ್ಲ. ಪತ್ರಿಕೆಯನ್ನು ಟೆಂಡರ್ ನೋಟಿಸುಗಳ ಸಮೇತ ಓದಿ ಮುಗಿಸಿದರೂ ಹಾಲಿನವನು ಬಂದಿರುವುದಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಒಬ್ಬನಿಗೆ ಅದು ಹೆಚ್ಚೇ. ಮೇಲಿನ ಮನೆಯ ಹವಾಲ್ದಾರರ ಹೆಂಡತಿ ಬಸವಣ್ಣೆವ್ವ ನನ್ನ ಅಡುಗೆಯ ಮೇಲೆ ಕಿವಿ ಇಟ್ಟಿದ್ದಾರೆ. ‘ಮಾಸ್ತರ, ನಿಮ್ಮ ಕುಕ್ಕರ ಒಂದ ಸೀಟಿ ಹೊಡದು ಸುಮ್ಮನಾಗತೈತಲ್ಲರೀ, ಅದಕ್ಕೂ ಬ್ಯಾಸರ ಬಂದೈತೇನು?’ ಎಂದು ಮೆಟ್ಟಿಲ ಮೇಲಿಂದಲೇ ಕೂಗುತ್ತಾರೆ, ಆಮೇಲೆ ರೊಟ್ಟಿ, ಝುಣಕ ತಂದು ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಒಳಗೆ ಬರುವುದಿಲ್ಲ. ಬಂದರೆ ನಿನ್ನ ಮಾತು ತೆಗೆಯಬೇಕಾಗುತ್ತದಲ್ಲ. ಹೋದ ವಾರ ಒಂದು ಸಂಘದವರು ನಿನ್ನನ್ನು ಸನ್ಮಾನಿಸಲು ಶಾಲು, ಹಾರ ಹಿಡಿದು ಬಾಗಿಲಿಗೆ ಬಂದಿದ್ದರು. ನೀನು ಊರಲ್ಲಿಲ್ಲ ಎಂದರೆ, ‘ಅಡ್ಡಿಯಿಲ್ಲ ಸರ, ನಿಮಗ ಹಾಕತೇವಿ, ಮೇಡಮ್ಮಾರಿಗೆ ಫೋಟೋ ಕಳಸ್ರಿ’ ಎಂದರು. ಚಹಾ ಕೊಟ್ಟು ಹಾರದ ಸಮೇತ ವಾಪಸು ಕಳಿಸಿದೆ. ಈ ವಸತಿಗೃಹದಲ್ಲಿ ನೀನು ಮಾಡಿದ್ದು ಸರಿ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಖಾನಾಪುರದ ನಮ್ಮ ಶಿಕ್ಷಕರ ಕೋಣೆಯಲ್ಲಿ ನೀನು ಮಾಡಿದ್ದು ತಪ್ಪು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನು ಒಳಗೆ ಕಾಲಿಟ್ಟೊಡನೆ ಮಾತು ಕಬ್ಬಿನ ಕಡೆಗೆ, ಮಳೆಯ ಕಡೆಗೆ ಹೊರಳುತ್ತಿತ್ತು. ಎರಡೂ ಕಡೆ ಕುಳಿತು ಬಂದ ನನಗೆ ಮಾತನಾಡಲು ಉಳಿದವಳು ನೀನೊಬ್ಬಳೇ.

ಪತ್ರಿಕೆಯಲ್ಲಿ ಬಂದದ್ದು ನಿನಗೆ ಬಾಯಿಪಾಠ ಆಗಿರಬೇಕು, ನನಗಂತೂ ಆಗಿದೆ. ಚುನಾವಣೆಯ ನೀತಿಸಂಹಿತೆ ಜಾರಿಯಾಗಿ ನೋಟಿಸು ಕೊಟ್ಟರೂ ಬೀಡಿ ಎಂಬ ಊರಿನ ಆಚೆಯ ರೈತ ಶಿವಲಿಂಗ ತನ್ನ ಬೆಳೆ ರಕ್ಷಣೆಯ ಬಂದೂಕನ್ನು ಠಾಣೆಗೆ ಒಪ್ಪಿಸಿರಲಿಲ್ಲ. ಅದನ್ನು ಪಡೆಯಲು ಹೊಲದ ಮನೆಗೆ ಹೋದ ಪಿಎಸ್ಐ ಮೇಲೆ ತುಂಬಿದ ಬಂದೂಕನ್ನು ಗುರಿಯಿಟ್ಟ. ಎಚ್ಚರಿಸಿದರೂ ಇಳಿಸಲಿಲ್ಲ. ಪಿಎಸ್ಐ ಆತ್ಮರಕ್ಷಣೆಗಾಗಿ ಆತನ ತೊಡೆಗೆ ಒಂದು ಗುಂಡು ಹಾರಿಸಿದರು. ಆತನ ಮೇಲೆ ಕೊಲೆ ಯತ್ನದ ಪ್ರಕರಣ ದಾಖಲಾಗಿದೆ. ಹೀಗೆ ಬಂದಿತ್ತು. ನಿನ್ನ ಹೇಳಿಕೆಯಲ್ಲಿ ಇದ್ದದ್ದೂ ಅಷ್ಟೇ.

ಆದರೆ ನನಗೆ ನೀನು ಹೇಳಿದ್ದು ಇದಕ್ಕಿಂತ ಒಂದು ಮಾತು ಹೆಚ್ಚು. ಆವತ್ತು ನೀನು ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ. ಸೊಂಟದಲ್ಲಿ ಬೆಲ್ಟ್ ಇರಲಿಲ್ಲ, ಅವನ ತೊಡೆಗೆ ಬಿಗಿದು ಆಸ್ಪತ್ರೆಗೆ ಒಯ್ದಿದ್ದೆ. ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಪೇದೆಗಳಿಬ್ಬರೂ ಹಿತ್ತಲ ಕಡೆ ಹೋಗಿದ್ದರು. ನೀನು ಅಂಗಳದಲ್ಲಿ ದನದ ಕೊಟ್ಟಿಗೆಯ ಪಕ್ಕ ನಿಂತು ‘ಬಂದೂಕ ತಗೊಂಡ ಬರ್ರಿ’ ಎಂದು ಕರೆದೆ. ಅವನು ಒಳಗಿನಿಂದ ‘ನೀವ ಬಂದು ನನ್ನ ಕಬ್ಬಿನ್ಯಾಗ ಹಂದಿ ಕಾಯತೀರೇನ?’ ಎಂದು ಒದರಿದ. ಆಮೇಲೆ ಹೊರಗೆ ಬಂದು ಮಾತಿಲ್ಲದೆ ಬಂದೂಕು ಎತ್ತಿದ. ನೀನು ‘ಕೆಳಗ ಇಡ್ರಿ’ ಎಂದು ಕೂಗಿದೆ, ಮತ್ತೊಮ್ಮೆ ಕೂಗಿದೆ, ಹೊಡೆದೆ. ಇಷ್ಟು ಹೇಳಿ ನೀರು ಕುಡಿದು ಕೇಳಿದೆ: ‘ಅಭಿ, ಆತನ ಕಣ್ಣ ಮುಚ್ಚಿದ್ದೂ. ಯಾಕ ಮುಚ್ಚಿದ್ದೂ?’ ಹೆದರಿಕೆಗೆ ಇರಬೇಕು ಎಂದೆ ನಾನು. ನನಗೂ ಆಗ ಬೇರೇನೂ ಹೊಳೆಯಲಿಲ್ಲ. ನಿನ್ನನ್ನು ಎಬ್ಬಿಸಿ ಊಟಕ್ಕೆ ಕೂರಿಸುವುದೇ ಆವತ್ತಿನ ಕೆಲಸವಾಗಿತ್ತು.

ನೀನು ಕಲಬುರಗಿಗೆ ಹೋದ ಮೇಲೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಾಗ ನಮ್ಮ ಅಪ್ಪ ನೆನಪಾದರು. ಅಪ್ಪನಿಗೂ ಅಂಥದೇ ಬಂದೂಕಿತ್ತು, ನಳಿಗೆಯ ಬಾಯಿಂದ ಮದ್ದು ತುಂಬುವಂಥದು. ಅವರು ತೀರಿಕೊಂಡ ವರ್ಷವೇ ಅದನ್ನು ಸರಕಾರಕ್ಕೆ ಬಿಟ್ಟುಕೊಟ್ಟೆವು, ನೀನು ನಮ್ಮ ಮನೆಗೆ ಬಂದದ್ದು ಆಮೇಲೆ. ಪ್ರತಿ ಚುನಾವಣೆಗೂ ಅಪ್ಪ ಅದನ್ನು ಧೋತರದ ತುಂಡಿನಲ್ಲಿ ಸುತ್ತಿಕೊಂಡು ಠಾಣೆಗೆ ಒಯ್ಯುತ್ತಿದ್ದರು, ಜೊತೆಗೆ ನಾನೂ ಹೋಗುತ್ತಿದ್ದೆ. ಮೇಜಿನ ಮುಂದೆ ನಿಂತು ಬಟ್ಟೆ ಬಿಚ್ಚಿ, ಎರಡೂ ಕೈಯಲ್ಲಿ ಬಂದೂಕನ್ನು ಅಡ್ಡ ಹಿಡಿದು ಎತ್ತಿ, ಕಣ್ಣು ಮುಚ್ಚಿ ಹಣೆಗೆ ಮುಟ್ಟಿಸಿಯೇ ಕೊಡುತ್ತಿದ್ದರು. ಖಂಡೇನವಮಿಗೆ ವಿಭೂತಿ, ಹೂವು ಏರಿಸಿದ ಆಯುಧ. ಬೇರೆಯವರ ಕೈಗೆ ಕೊಡುವಾಗ ಅದರ ಅಪ್ಪಣೆ ಕೇಳಬೇಕು ಎಂಬುದು ನಮ್ಮ ಖಾನಾಪುರ ಭಾಗದ ಹಳೆಯ ಮಂದಿಯ ನಡೆ. ಅಲ್ಲಿದ್ದ ಹಳೆಯ ಹವಾಲ್ದಾರರಿಗೆ ಅದು ಗೊತ್ತಿತ್ತು. ‘ಅವಧೂತರಾವ್, ದೇವರಿಗೆ ಹೇಳೂದು ಮುಗದಿದ್ರ ನಂಬರ ಬರಕೋತೇನಿ’ ಎಂದು ಪೆನ್ನು ಹಿಡಿದು ಕಾಯುತ್ತಿದ್ದರು. ನೀನು ಇಲ್ಲಿಯ ಶಹಾಪುರದ ಗಲ್ಲಿಯಲ್ಲಿ ಬೆಳೆದವಳು. ನಿಮ್ಮ ಮನೆಯಲ್ಲಿ ಖಂಡೇನವಮಿಗೆ ಹೊಲಿಗೆಯ ಯಂತ್ರ, ಕತ್ತರಿ ಇಡುತ್ತಿದ್ದರು. ಕತ್ತರಿಯನ್ನು ಹಣೆಗೆ ಎತ್ತಿದರೆ ಯಾರೂ ಅಂಜುವುದಿಲ್ಲ. ತರಬೇತಿಯಲ್ಲಿ ನಿನಗೆ ಕಲಿಸಿದ್ದು, ಆಯುಧ ಕೊಡುವವನು ಅದನ್ನು ಖಾಲಿ ಮಾಡಿ, ನಳಿಗೆ ತಿರುಗಿಸಿ, ನೆಲದ ಮೇಲೆ ಇಡಬೇಕು ಎಂದು. ಶಿವಲಿಂಗನೂ ಹಾಗೆಯೇ ಅಡ್ಡ ಹಿಡಿದು ಎತ್ತಿದಾಗ, ಕೊಟ್ಟಿಗೆಯ ಪಕ್ಕ ನಿಂತ ನಿನ್ನ ಕಡೆಗೇ ನಳಿಗೆಯ ಬಾಯಿ ಬಂದಿರಬೇಕು. ಈ ಮೇಜಿನ ಮುಂದೆ ಲಟ್ಟಣಿಗೆ ಹಿಡಿದು ನಾನು ತಿರುಗಿ ತಿರುಗಿ ನೋಡಿದ್ದೇನೆ. ಕಿಟಕಿಯಿಂದ ಯಾರಾದರೂ ಕಂಡಿದ್ದರೆ ಮಾಸ್ತರರಿಗೆ ತಲೆ ಕೆಟ್ಟಿತು ಎನ್ನುತ್ತಿದ್ದರು.

ಊಹೆಯನ್ನು ಸುದ್ದಿ ಮಾಡಬಾರದು. ಅದಕ್ಕೇ ಶಿವಲಿಂಗ ಇರುವ ನೆಹರು ನಗರದ ಆಸ್ಪತ್ರೆಗೆ ಹೋದೆ. ಹೋಗಬಾರದಿತ್ತು ಎಂದು ನೀನು ಹೇಳುತ್ತೀಯ, ನಿನ್ನ ಮಾತು ಕಾನೂನಿನ ಪ್ರಕಾರ ಸರಿಯೇ. ವಾರ್ಡಿನ ಬಾಗಿಲಿಗೆ ಪೊಲೀಸರಿದ್ದರು, ನಾನು ಆ ಕಡೆ ಸುಳಿಯಲಿಲ್ಲ. ಹೊರಗಿನ ನೆರಳಿನಲ್ಲಿ ಅವನ ಹೆಂಡತಿ ಚಂದ್ರವ್ವ ಡಬ್ಬಿ ಬಿಚ್ಚಿ ಕುಳಿತಿದ್ದಳು. ನಾನು ಯಾರೆಂದು ಮೊದಲೇ ಹೇಳಿದೆ. ಆಕೆ ಡಬ್ಬಿಯ ಮುಚ್ಚಳ ಹಾಕಿದಳು. ‘ಏನ್ ನೋಡಾಕ ಬಂದೀರಿ? ಇನ್ನಾ ಸತ್ತಿಲ್ಲ ನಮ್ಮ ಮನ್ಯಾಂವ.’ ನಾನು ಹೋಗಲೂ ಆಗದೆ ನಿಂತೇ ಇದ್ದೆ. ಕಡೆಗೆ ಆಕೆಯೇ, ‘ಕುಂದರ್ರಿ, ಕಂಬ ನಿಂತಂಗ ಯಾಕ ನಿಂತೀರಿ’ ಎಂದಳು. ನಾನು ಹಣೆಯ ಮಾತು ಎತ್ತಲಿಲ್ಲ. ಬಂದೂಕು ತಂದು ಏನು ಮಾಡಿದ ಎಂದಷ್ಟೇ ಕೇಳಿದೆ. ‘ಏನ್ ಮಾಡತಾನ್ರೀ? ಹಣಿಗೆ ಹಚ್ಚಿ ಕೊಡಾಕ ಎತ್ತಿದ. ಮುತ್ಯಾನ ಕಾಲದ್ದು. ಬಡಿಗಿ ಕೊಟ್ಟಂಗ ಕೊಡಾಕ ಬರತೈತೇನು?’ ತನಿಖೆಯವರಿಗೆ ಹೇಳಿದೆಯಾ ಎಂದೆ. ‘ಹೇಳೇನ್ರೀ. ಹೇಣ್ತಿ ಅಲ್ಲೇನು, ಗಂಡನ ಕಡೀನ ಹೇಳತಾಳ ಅಂದ್ರು.’

ಇನ್ನೊಂದು ಕೇಳಬೇಕಿತ್ತು. ಆ ಬಂದೂಕಿನಲ್ಲಿ ಮದ್ದು ತುಂಬಿತ್ತು ಎಂಬುದು ಖರೇ. ಆದರೆ ಬಂದೂಕಿನ ಕೊಕ್ಕೆ, ಅಂದರೆ ಕುದುರೆ, ಬಡಿದಾಗ ಕಿಡಿ ಕೊಡುವ ಸಣ್ಣ ತಾಮ್ರದ ಕೇಪು ಇಲ್ಲದೆ ಆ ಮದ್ದು ಹೊತ್ತುವುದಿಲ್ಲ. ನಮ್ಮ ಮನೆಯಲ್ಲಿ ಕೇಪಿನ ಡಬ್ಬಿ ಅವ್ವನ ಹತ್ತಿರ ಇರುತ್ತಿತ್ತು. ಕೇಪು ಎಲ್ಲಿತ್ತು ಎಂದು ಚಂದ್ರವ್ವನನ್ನು ಕೇಳಿದೆ. ‘ಕೇಪ ನನ್ನ ಅಡಗಿಮನ್ಯಾಗ ಇರತಾವರೀ. ಸಣ್ಣ ಹುಡುಗೂರು ಇರೂ ಮನಿ. ನಾ ಕೊಟ್ಟರ ಆ ಬಂದೂಕ ಮಾತಾಡತೈತಿ, ಇಲ್ಲಂದ್ರ ಅದೂ ಒಂದ ಕೋಲ. ಆವತ್ತ ನಾ ಕೊಟ್ಟಿದ್ದಿಲ್ಲ.’ ಆಮೇಲೆ ನನ್ನ ಮುಖ ನೋಡದೆ ಹೇಳಿದಳು: ‘ಹೊಡದಾಕೀನೂ ಆಕೀನ, ಬೆಲ್ಟ ಬಿಚ್ಚಿ ರಕ್ತ ನಿಲ್ಲಿಸಿದಾಕೀನೂ ಆಕೀನ. ಬೈಬೇಕಂದ್ರ ಬಾಯಿ ಬರವಲ್ದು, ಬಿಡಬೇಕಂದ್ರ ಮನಸ ಬರವಲ್ದು.’ ಅವನಿಗೆ ಕಾಲು ಉಳಿಯುತ್ತದಂತೆ, ಕುಂಟು ಉಳಿಯುತ್ತದಂತೆ. ಗಾಯ ಮಾಯ್ದ ಕೂಡಲೇ ಆಸ್ಪತ್ರೆಯಿಂದ ನೇರ ಜೈಲಿಗೆ.

ಶಿವಲಿಂಗನ ತಪ್ಪನ್ನೂ ಎಣಿಸದೆ ಬಿಡುವುದಿಲ್ಲ. ನೋಟಿಸು ಬಂದಾಗ ಒಪ್ಪಿಸಬೇಕಿತ್ತು. ಹಂದಿಯ ನೆವದಿಂದ ಮದ್ದು ತುಂಬಿದ ಬಂದೂಕನ್ನು ಮಕ್ಕಳ ಮನೆಯಲ್ಲಿ ಇಟ್ಟದ್ದು ತಪ್ಪು. ಅದನ್ನು ಹಾಗೆಯೇ ಮನುಷ್ಯರ ಮುಂದೆ ತಂದು ಎತ್ತಿದ್ದು ಇನ್ನೂ ದೊಡ್ಡ ತಪ್ಪು. ಕೇಪು ಇಲ್ಲ ಎಂಬುದು ಅವನಿಗೆ ಗೊತ್ತು, ನಿನಗೆ ಹೇಗೆ ಗೊತ್ತಾಗಬೇಕು? ಇವುಗಳಿಗೆ ಇರುವ ಶಿಕ್ಷೆ ಅವನಿಗೆ ಆಗಲಿ. ಆದರೆ ಕೊಲೆ ಯತ್ನ ಅವನು ಮಾಡಲಿಲ್ಲ. ನಿನ್ನ ಕಡೆಯದನ್ನೂ ಅಳೆದು ನೋಡಿದ್ದೇನೆ. ಕೂಗಿ ಎಚ್ಚರಿಸಿದೆ. ಸೊಂಟದ ಕೆಳಗೆ ಹೊಡೆದೆ. ಒಂದೇ ಹೊಡೆದೆ. ತಕ್ಷಣ ರಕ್ತ ಕಟ್ಟಿ ಆಸ್ಪತ್ರೆಗೆ ಒಯ್ದೆ. ನಿಮ್ಮ ನಿಯಮ ಕೇಳುವುದು, ಆ ಕ್ಷಣಕ್ಕೆ ಕಂಡದ್ದರ ಮೇಲೆ ಪ್ರಾಣಭಯ ನ್ಯಾಯವಾಗಿತ್ತೇ, ಬಳಸಿದ ಬಲ ಅದಕ್ಕೆ ತಕ್ಕಷ್ಟೇ ಇತ್ತೇ ಎಂದು. ಇತ್ತು ಎಂದೇ ನಾನು ನಂಬಿದ್ದೇನೆ. ಆದರೆ ಕಂಡದ್ದರಲ್ಲಿ ಅವನ ಕಣ್ಣೂ ಸೇರಿದ್ದವು ಪೂರ್ವಾ. ಗುರಿಯಿಡುವವನು ಎರಡೂ ಕಣ್ಣು ಮುಚ್ಚುವುದಿಲ್ಲ. ಅದನ್ನು ಕಂಡವಳು ನೀನೊಬ್ಬಳು, ಅದು ನಿನ್ನ ಹೇಳಿಕೆಯಲ್ಲಿ ಇಲ್ಲ. ಯಾರೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಆ ಒಂದು ವಾಕ್ಯ ಸೇರಿದರೆ ಚಂದ್ರವ್ವನ ಮಾತಿಗೆ ಬಲ ಬರುತ್ತದೆ. ನಿನಗೆ ಏನಾಗುತ್ತದೆ ಎಂದು ನನಗೆ ಖಾತ್ರಿಯಿಲ್ಲ. ಏನೂ ಆಗದು ಎಂದು ಬರೆದರೆ ಸುಳ್ಳಾಗುತ್ತದೆ. ಕಣ್ಣು ಮುಚ್ಚಿದ್ದು ಕಂಡೂ ಯಾಕೆ ಹೊಡೆದಿರಿ ಎಂದು ಕೇಳಿಯೇ ಕೇಳುತ್ತಾರೆ. ವಿಚಾರಣೆ ಉದ್ದವಾಗಬಹುದು. ಈ ಮನೆಯಲ್ಲಿ ಕುಕ್ಕರು ಇನ್ನೂ ಕೆಲವು ತಿಂಗಳು ಒಂದೇ ಸೀಟಿ ಹೊಡೆಯಬಹುದು.

ಇಷ್ಟು ಬರೆದ ಮೇಲೆ ಎದುರಿನ ಕುರ್ಚಿ ನೋಡಿದೆ. ಅದರ ಮೇಲೆ ಹಳೆಯ ಪತ್ರಿಕೆಗಳನ್ನು ಒಟ್ಟಿಕೊಂಡು ಬಂದಿದ್ದೆ. ತೆಗೆದು ಕೆಳಗಿಟ್ಟೆ, ಕುರ್ಚಿ ಖಾಲಿ ಇರಲಿ ಎಂದು. ಬಿಸಿಲಿಗೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೋ, ತಲೆನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಗೆ ನುಂಗಬೇಡ. ಬಸವಣ್ಣೆವ್ವ ನಿನ್ನನ್ನು ಕೇಳಿದ್ದಾರೆ ಎಂದು ಬರೆಯಬೇಕಿತ್ತು, ಅವರು ಕೇಳಿಲ್ಲ. ಆದರೆ ಇವತ್ತಿನ ರೊಟ್ಟಿಯಲ್ಲಿ ಎರಡು ಹೆಚ್ಚಿದ್ದವು, ಅದು ನಿನ್ನ ಪಾಲಿನ ವಿಚಾರಣೆ ಎಂದು ತಿಳಿದುಕೋ. ನೀನು ಎಲ್ಲಿದ್ದರೂ, ಏನೇ ಹೇಳಿದರೂ ನಾನು ನಿನ್ನವನೇ.

ನಿನ್ನ,
ಅಭಿಜಿತ

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೇಳಲೇಬೇಕು. ಈ ಘಟನೆಯ ಬಗ್ಗೆ ತಿಳಿದವರು ಬಂದು ಹೇಳಿಕೆ ಕೊಡಬಹುದು ಎಂದು ವಿಚಾರಣಾಧಿಕಾರಿಯ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತು. ಶುಕ್ರವಾರ ಹೋಗಿ ಹೆಸರು ಬರೆಸಿ ಬಂದೆ. ನಾಳೆಯಲ್ಲ, ಅದರಾಚೆಯ ಸೋಮವಾರ ನನ್ನನ್ನು ಕರೆಯುತ್ತಾರೆ, ಅಪ್ಪ ಬಂದೂಕು ಕೊಡುತ್ತಿದ್ದ ರೀತಿಯನ್ನು ಹೇಳುತ್ತೇನೆ. ನೀನು ನನಗೆ ಹೇಳಿದ ಕಣ್ಣಿನ ಮಾತು ನಿನ್ನದು, ಅದನ್ನು ನಾನು ಹೇಳುವುದಿಲ್ಲ. ಅಷ್ಟರೊಳಗೆ ನೀನೇ ಬರೆದು ಕಳಿಸಿದರೆ ಬಹಳ ಒಳ್ಳೆಯದು, ಕಳಿಸದಿದ್ದರೂ ನಾನು ಹೋಗುತ್ತೇನೆ. ಹೆಸರು ಬರೆದುಕೊಂಡ ಗುಮಾಸ್ತ, ಪಿಎಸ್ಐಗೆ ಏನು ಸಂಬಂಧ ಎಂದು ಕೇಳಿದ. ಗಂಡ ಎಂದೆ. ಪೆನ್ನು ನಿಲ್ಲಿಸಿ, ‘ಹಂಗಾರ ಆಕಿ ಪರವಾಗಿ ಅಂತ ಬರೀಲೇನ್ರಿ, ವಿರುದ್ಧ ಅಂತ ಬರೀಲೇನ್ರಿ?’ ಎಂದ. ಬರೀ ಗಂಡ ಅಂತ ಬರಕೋರಿ ಎಂದೆ.