ಇನ್ನೊಂದು ದಿನ ಉಳಿದ ನಳಿಕೆ

ಗದಗ, ಫೆಬ್ರವರಿ 30, 2207

ಸುಮಾರು ಇನ್ನೂರು ವರ್ಷ ಹಿಂದಿನ ವಾರ್ಡಿನ ಸಿಸ್ಟರ್ ಅವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ಈ ದಿನಾಂಕ ನಿಮ್ಮ ಪಂಚಾಂಗದಲ್ಲಿಲ್ಲ. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿಕೊಂಡಿದ್ದೇವೆ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಪತ್ರ ನಿಮಗೆ ತಲುಪುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. ಆದರೆ ಬೇರೆ ಯಾರಿಗೆ ಬರೆಯಲಿ?

ನಾನು ನಳಿಕೆಗಾವಲಿನವಳು. ಏಳಲಾಗದ ರೋಗಿಗಳಿಗೆ ನೀವು ಹಾಕುವ ಮೂತ್ರದ ನಳಿಕೆ ನಮ್ಮಲ್ಲೂ ಇದೆ. ಆದರೆ ಪ್ರತಿ ನಳಿಕೆಗೂ ಒಬ್ಬರು ಕಾವಲಿರುತ್ತಾರೆ. ಮೂತ್ರದ ಚೀಲ ರೋಗಿಯ ಸೊಂಟಕ್ಕಿಂತ ಕೆಳಗೇ ತೂಗುತ್ತಿದೆಯೇ, ಮುಟ್ಟುವವರು ಕೈ ತೊಳೆದರೇ ಎಂದು ನೋಡುವುದು ನಮ್ಮ ಕೆಲಸ. ದಿನವೂ ಬೆಳಿಗ್ಗೆ ಮಂಚದ ಬಳಿ ನಿಂತು ಇದು ಇವತ್ತು ಬೇಕೇ ಎಂದು ಗಟ್ಟಿಯಾಗಿ ಕೇಳಬೇಕು. ಉತ್ತರವನ್ನು ಇನ್ನೊಬ್ಬ ಕಾವಲಿನವರು ಹೇಳಬೇಕು. ಬೇಡ ಎಂದರೆ ಆಗಲೇ ತೆಗೆಯಬೇಕು. ನಳಿಕೆಯ ಗೋಡೆಗೆ ಅಂಟಿ ಕೂರುವ ಬ್ಯಾಕ್ಟೀರಿಯಾಗಳಿಗೆ ನಮ್ಮ ಜನ ಗ್ರಾಮದೇವತೆಗಳ ಹಾಗೆ ಹೆಸರಿಟ್ಟಿದ್ದಾರೆ. ನಿಮ್ಮ ಕ್ಲೆಬ್ಸಿಯೆಲ್ಲಾ ನಮಗೆ ಲೋಳೆವ್ವ, ಸ್ಯೂಡೋಮೊನಾಸ್ ಹಸಿರವ್ವ. ಕರುಳಿನಲ್ಲಿ ತೆಪ್ಪಗಿದ್ದು, ದಾರಿ ಸಿಕ್ಕರೆ ಮೂತ್ರಕೋಶಕ್ಕೆ ನುಗ್ಗುವ ಇ. ಕೋಲಿ ಮನೆಯವ್ವ. ಹೆಸರಿಟ್ಟರೆ ಭಯ ಕಡಿಮೆಯಾಗುತ್ತದೆಂದು ಯಾರು ಹೇಳಿದರೋ, ಅವರನ್ನೊಮ್ಮೆ ನನ್ನ ವಾರ್ಡಿಗೆ ಕಳಿಸಿ.

ನನ್ನಕ್ಕ ಹಂಪವ್ವ ಸೊಂಟದ ಮೂಳೆ ಮುರಿದುಕೊಂಡು ಇಲ್ಲೇ ಮಲಗಿದ್ದಾಳೆ. ನಳಿಕೆ ಹಾಕಿದ ಮೂರನೆಯ ಬೆಳಿಗ್ಗೆ ಅವಳಿಗೆ ಅದು ಬೇಕಿರಲಿಲ್ಲ, ಬೆಡ್‌ಪ್ಯಾನ್ ಇಟ್ಟರೆ ಸಾಕಿತ್ತು. ಆದರೆ ಅಕ್ಕ ನನ್ನ ಸೆರಗು ಹಿಡಿದು, "ಇನ್ನೊಂದ್ ದಿನಾ ಇರ್ಲಿ ಬಿಡವಾ ನೀಲಾ, ಅಲುಗಾಡಿದ್ರ ಜೀವಾ ಹೋದಂಗ ಆಗತೈತಿ" ಎಂದಳು. ಇನ್ನೊಬ್ಬ ಕಾವಲಿನವರು ಬರುವ ಮೊದಲೇ ಪ್ರಶ್ನೆಯನ್ನೂ ನಾನೇ ಕೇಳಿ, ಬೇಕು ಎಂಬ ಉತ್ತರವನ್ನೂ ನಾನೇ ಹೇಳಿಬಿಟ್ಟೆ. ಮರುದಿನವೂ ಹಾಗೆಯೇ ಮಾಡಿದೆ. ಒಂದು ದಿನ ನಾಲ್ಕಾಯಿತು, ಏಳನೆಯ ದಿನ ಚಳಿಜ್ವರ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇವತ್ತು ಲ್ಯಾಬಿನಿಂದ ಬರಿಚೀಟಿ ಬಂದಿದೆ. ಮೂತ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾಕ್ಕೆ ಯಾವ ಔಷಧ ನಾಟುತ್ತದೆಂದು ಬರೆಯುವ ಜಾಗ ಖಾಲಿಯಿದ್ದರೆ ಅದಕ್ಕೆ ಆ ಹೆಸರು. ಪಕ್ಕದ ಮಂಚದವರಿಗೆ ಒಂದು ಇಂಜೆಕ್ಷನ್ನಾದರೂ ನಾಟುತ್ತಿದೆ. ಅಕ್ಕನ ಲೋಳೆವ್ವನಿಗೆ ಒಂದೂ ಇಲ್ಲ. ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಆ ಚೀಟಿಯನ್ನು ಖಾಲಿ ಮಾಡಿದವಳು ನಾನೊಬ್ಬಳೇ ಅಲ್ಲ. ಮೂತ್ರವನ್ನು ಪರೀಕ್ಷೆಗೆ ಕಳಿಸದೆ, ವರದಿಗೆ ಕಾಯದೆ, ಯಾವ ತೊಂದರೆಯೂ ಇಲ್ಲದವರಿಗೂ ಔಷಧ ಕೊಟ್ಟು ನೀವು ಆ ಕಾಲದವರು ಈ ಅವ್ವಂದಿರಿಗೆ ಔಷಧಕ್ಕೆ ಬಗ್ಗದಿರುವ ಪಾಠ ಹೇಳಿಕೊಟ್ಟಿರಿ. ಅವರು ಚೆನ್ನಾಗಿಯೇ ಕಲಿತರು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮನ್ನಿಸಿ. ಹೆದರಿಕೆಯೂ ಅಷ್ಟೇ ಇದೆ.

ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ಈಗಲೇ ಎದ್ದು ವಾರ್ಡಿಗೆ ಹೋಗಿ. ಯಾರಿಗೋ ನಳಿಕೆ ಬೇಡವಾಗಿರುತ್ತದೆ, ವಿಚಾರಿಸಲು ಯಾರಿಗೂ ಪುರುಸೊತ್ತಾಗಿರುವುದಿಲ್ಲ. ಡಾಕ್ಟರಿಗೆ ಹೇಳಿ ತೆಗೆಸಿ. ಬೈದರೆ ಬೈಸಿಕೊಳ್ಳಿ. ಒಂದೇ ಒಂದು ಔಷಧವನ್ನಾದರೂ ನಮಗೆಂದು ಉಳಿಸಿ.

ಚೀಟಿಯ ವಿಷಯ ಅಕ್ಕನಿಗೆ ಇನ್ನೂ ಹೇಳಿಲ್ಲ. ನಾನು ಹತ್ತಿರ ಹೋದಾಗಲೆಲ್ಲ ಇಂಜೆಕ್ಷನ್ನಿಗೆಂದು ತೋಳು ಚಾಚುತ್ತಾಳೆ.