ಮೂವತ್ತೆರಡು ಬಾಯಿ, ಹದಿನಾರು ಮೊಟ್ಟೆ

ಪದರಗುಡಾ, ರಾಯಗಡ ಜಿಲ್ಲೆ, ಒಡಿಶಾ
ಗುರುವಾರ

ಕುಂತಳಾ ಅಕ್ಕನಿಗೆ ನಮಸ್ಕಾರ.

ಸರ್ಕಾರದ ಆಜ್ಞೆಯಂತೆ ಜಾನುವಾರು ಗಣತಿಗೆಂದು ಇಪ್ಪತ್ತು ದಿನ ಊರೂರು ಸುತ್ತಿ ಮೇಕೆ ಎಣಿಸಿ ಶಾಲೆಗೆ ಮರಳಿದೆ. ಇರುವ ಒಬ್ಬನೇ ಮೇಷ್ಟ್ರು ನಾನು, ಬೀಗ ಬಿದ್ದಿರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಬಿಸಿಯೂಟ ಮಾಡುವ ರುಕುಣಿ ಮೌಸಿ ಸೌಟು ಹಿಡಿದು ಪಾಠ ಮಾಡುತ್ತಿದ್ದಾಳೆ!

"ಮೊಟ್ಟೆ ಹದಿನಾರು, ಬಾಯಿ ಮೂವತ್ತೆರಡು. ಒಬ್ಬೊಬ್ರಿಗೆ ಎಷ್ಟ್ರೋ?"

"ಅರ್ಧ, ಮೌಸಿ!"

ಎರಡು ವರ್ಷ ನಾನು ಗಂಟಲು ಹರಿದುಕೊಂಡರೂ ಅವರ ತಲೆಗೆ ಹತ್ತದ ಭಿನ್ನರಾಶಿ ಅದು. ಅದೇ ಹೊತ್ತಿಗೆ ತಪಾಸಣೆಗೆ ಬಂದ ಸಾಹೇಬರು ನನ್ನನ್ನೇ ಗದರಿದರು: "ಲೆಕ್ಕದಲ್ಲಿ ಇಷ್ಟು ಚುರುಕಾಗಿರೋ ಹೆಂಗಸನ್ನ ಒಲೆ ಮುಂದೆ ಕೂರಿಸಿದ್ದೀರಲ್ರೀ!"

ಮೌಸಿಗೆ ನ್ಯಾಯ ಸಿಕ್ಕಿತು. ಸಾಹೇಬರ ಆದೇಶದಂತೆ ಸೋಮವಾರದಿಂದ ಅವಳು ಮೇಕೆ ಎಣಿಸುತ್ತಿದ್ದಾಳೆ, ಒಲೆ ನನ್ನ ಪಾಲಿಗೆ ಬಂದಿದೆ. ನಿನ್ನೆ ನಾನು ಬೇಳೆ, ತರಕಾರಿ ಬೇಯಿಸಿ ಮಾಡಿದ ದಾಲ್ಮಾ ಉಂಡ ಮೂರನೇ ತರಗತಿಯ ಜಮುನಾ ಮೆಲ್ಲಗೆ ಕೇಳಿದಳು: "ಸಾರ್, ಮೇಕೆ ಇನ್ನೂ ಉಳಿದಿದ್ರೆ ನೀವೇ ಹೋಗ್ಬಾರ್ದಾ?"

ಊರೂರು ಸುತ್ತಿ ಬಂದಿದ್ದ ಮೊಣಕಾಲು ನೋವು ಇಳಿದಿದೆ, ಅಂಗೈ ಸುಟ್ಟಿದೆ. ಮೂವತ್ತೆರಡು ಮಕ್ಕಳ ಬೇಳೆಗೆ ಉಪ್ಪು ಎಷ್ಟು, ಕೂಡಲೇ ಬರಿ. ಲೆಕ್ಕ ಬಲ್ಲವಳು ಬೆಟ್ಟದಾಚೆ ಮೇಕೆಗಳ ಹಿಂದೆ ಇದ್ದಾಳೆ.

ನಿನ್ನ ತಮ್ಮ,
ಹಾಲಿ ಅಡುಗೆಯ ಗದಾಧರ