ಮೇಲೇರದ ಹಾಡು

೧೫ ಮಾರ್ಚ್ ೧೯೯೮, ಭಾನುವಾರ

ಇವತ್ತೂ ಆ ಮೇಲಿನ ಸ್ವರ ಬರಲಿಲ್ಲ. ಗಂಟಲಿನ ಆಪರೇಷನ್ ಆಗಿ ಏಳು ತಿಂಗಳಾಯಿತು. ಇನ್ನು ಬರುವುದಿಲ್ಲವೆಂದು ಡಾಕ್ಟರಿಗಿಂತ ಮೊದಲೇ ನನಗೆ ಗೊತ್ತಾಗಿತ್ತು.

ಇಂದಿರಾನಗರದ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಹಾಡುತ್ತೇನೆ, ಮುತ್ತುರಾಜ್ ಪಿಯಾನೋ ನುಡಿಸುತ್ತಾನೆ. ಹಳೆಯ ಸಿನಿಮಾ ಹಾಡುಗಳನ್ನೇ ಜಾಝ್ ಮಾಡುತ್ತೇವೆ. ಇವತ್ತು ವಯಸ್ಸಾದ ದಂಪತಿ ತಮ್ಮ ಮದುವೆ ಕಾಲದ ಹಾಡೊಂದನ್ನು ಕೇಳಿದರು. ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ನಾನು ಜನರನ್ನು ಕುಣಿಸಿದ್ದ ಹಾಡು ಅದು. ಮುತ್ತುರಾಜ್ ಬಗ್ಗಿ ಪಿಸುಗುಟ್ಟಿದ: "ಅಕ್ಕಾ, ನೀವು ಕೆಳಗೇ ನಿಲ್ಲಿ. ಮೇಲಿಂದು ನಾನ್ ನುಡಿಸ್ತೀನಿ." ಶ್ರುತಿ ಇಳಿಸಿ, ಅರ್ಧ ವೇಗದಲ್ಲಿ, ಕೆಲವು ಸಾಲುಗಳನ್ನು ಬರೀ ಮಾತಿನಂತೆ ಹೇಳಿ ಮುಗಿಸಿದೆ.

ಗಂಡ ಎದ್ದು ಬಂದರು. "ಏನ್ರೀ ಮೇಡಂ, ನಮ್ ಮದುವೆ ಹಾಡನ್ನ ಸಾವಿನ ಮನೇಲಿ ಹಾಡ್ದಂಗೆ ಹಾಡ್ಬಿಟ್ರಲ್ಲ!"

ಹಿಂದೆಯೇ ಬಂದ ಹೆಂಡತಿ ಅವರ ತೋಳು ಹಿಡಿದರು. "ಸುಮ್ನಿರ್ರೀ. ಮೂವತ್ತೈದು ವರ್ಷ ಸಂಸಾರ ಮಾಡಿದ್ಮೇಲೆ ಆ ಹಾಡು ನಂಗೆ ಹೀಗೇ ಕೇಳ್ಸೋದು." ಆಮೇಲೆ ನನ್ನ ಕೈ ಹಿಡಿದು, "ಎಷ್ಟು ಅರ್ಥ ಮಾಡ್ಕೊಂಡು ಹಾಡಿದ್ರಮ್ಮ," ಎಂದರು.

ಉಳಿದಿರುವ ಗಂಟಲಲ್ಲಿ ಇಷ್ಟೇ ಆಗುವುದು ಎನ್ನಲು ಬಾಯಿ ತೆರೆದವಳು, "ಥ್ಯಾಂಕ್ಸಮ್ಮ," ಎಂದುಬಿಟ್ಟೆ. ಆಕೆ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಆಟೋ ಹತ್ತಿಸುವಾಗ ಮುತ್ತುರಾಜ್ ಖುಷಿಯಲ್ಲಿದ್ದ. "ಮುಂದಿನ್ವಾರ ಇನ್ನೂ ನಿಧಾನ ಮಾಡೋಣಕ್ಕಾ." ಆಗಲಿ ಎಂದೆ. ಜೀವನ್ ಬಿಮಾ ನಗರದ ಮನೆ ಮುಟ್ಟುವವರೆಗೂ, ಆಟೋ ಸದ್ದಿನ ಮರೆಯಲ್ಲಿ, ಆ ಹಾಡಿನ ಮೇಲಿನ ಸಾಲನ್ನು ಹಳೆಯ ಶ್ರುತಿಯಲ್ಲೇ ನಾಲ್ಕು ಸಲ ಹಾಡಿ ನೋಡಿದೆ.

ಸಾಕು, ಕಣ್ಣು ಎಳೆಯುತ್ತಿದೆ. ಆ ಹೆಂಗಸಿನ ಹೆಸರನ್ನಾದರೂ ಕೇಳಬೇಕಿತ್ತು.